ಅರ್ಧ ಮಾತ್ರೆಯ ಸಂಸಾರ

ಮನೆಯಲ್ಲಿ ಒಂದು ಮಾತ್ರೆಯನ್ನು ಅರ್ಧ ಮಾಡಬೇಕಾಗಿ ಬಂದರೆ ಸಾಕು, ಆ ಮನೆಯವರ ತಲೆಯೊಳಗೆ ಏನೇನಿದೆ ಅಂತ ಹೊರಗೆ ಬರುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದು ಸಲ ಬರುತ್ತದೆ, ರಾತ್ರಿ ಇನ್ನೊಂದು ಸಲ ಬರುತ್ತದೆ.

ನಮ್ಮದು ಹೊಳೆನರಸೀಪುರ. ನನ್ನ ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ. ಗಣಿತದಲ್ಲಿ ಪಾಸಾದಾಗ ನನಗಿಂತ ನಮ್ಮ ಮೇಷ್ಟ್ರಿಗೆ ಹೆಚ್ಚು ಆಶ್ಚರ್ಯವಾಗಿತ್ತು. ಮಗಳು ಅಂಗನವಾಡಿಗೆ ಹೋಗುವಾಗ ಅವಳಿಗೆ ಫಿಟ್ಸ್ ಶುರುವಾಯಿತು. ಆಡುತ್ತಾ ಆಡುತ್ತಾ ನಿಂತಲ್ಲೇ ಬಿದ್ದು ಕೈಕಾಲು ಸೆಟೆದುಕೊಳ್ಳುತ್ತಿದ್ದಳು. ಹಾಸನದ ಮಕ್ಕಳ ಡಾಕ್ಟರು ಒಂದು ಮಾತ್ರೆ ಬರೆದರು. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ.

"ಒಂದು ಹೊತ್ತೂ ತಪ್ಪಿಸಬೇಡಿ. ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಕೆಲವು ವರ್ಷ ಬೀಳದೇ ಇದ್ದರೆ ಆಮೇಲೆ ನಿಲ್ಲಿಸೋ ಯೋಚನೆ ಮಾಡೋಣ" ಅಂದರು.

ಅವತ್ತಿನಿಂದ ನನಗೆ ಬೇರೆ ಆಸೆ ಇಲ್ಲ. ಸರ ಬೇಡ, ಸೈಟು ಬೇಡ. ಆ ಮಾತ್ರೆ ಒಂದು ದಿನ ನಿಲ್ಲಬೇಕು, ನಿಂತ ಮೇಲೂ ಮಗಳು ಬೀಳಬಾರದು. ಇಷ್ಟಕ್ಕೆ ಅಡ್ಡ ಬಂದದ್ದು ಕಾಯಿಲೆ ಅಂತ ಎಲ್ಲರೂ ತಿಳಿದಿದ್ದಾರೆ. ಕಾಯಿಲೆ ಮಾತ್ರೆಗೆ ಬಗ್ಗಿತು. ಬಗ್ಗದೇ ಉಳಿದದ್ದು ಭಿನ್ನರಾಶಿ.

ಅತ್ತೆಯ ಅರ್ಧ

ಆ ಮಾತ್ರೆಯ ಮಧ್ಯೆ ಗೆರೆ ಇರಲಿಲ್ಲ. ಮುರಿಯುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು, ಯಾಕೆಂದರೆ ಅಡಕತ್ತರಿ ಇದ್ದದ್ದು ಅವರ ಎಲೆಅಡಿಕೆ ಚೀಲದಲ್ಲಿ. ಕಟ್ ಅಂತ ಒಂದು ಸಲ ಒತ್ತಿದರೆ ಒಂದು ತುಂಡು ಅವರ ಅಂಗೈಯಲ್ಲಿ ಉಳಿಯುತ್ತಿತ್ತು, ಇನ್ನೊಂದನ್ನು ನಾನು ಗ್ಯಾಸ್ ಒಲೆಯ ಕೆಳಗೆ ಪೊರಕೆ ಕಡ್ಡಿ ಹಾಕಿ ಹುಡುಕುತ್ತಿದ್ದೆ. ಸಿಕ್ಕಿದ ಮೇಲೆ ನೋಡಿದರೆ ಒಂದು ದಪ್ಪ, ಇನ್ನೊಂದು ಸಣ್ಣ.

"ಅತ್ತೆ, ಇದೇನು ಹಿಂಗೆ ಮುರಿದ್ರಿ?"

"ಏನಾಯ್ತೀಗ? ದೊಡ್ಡರ್ಧ ರಾತ್ರಿಗಾಯ್ತು, ಚಿಕ್ಕರ್ಧ ಬೆಳಿಗ್ಗೆಗಾಯ್ತು. ರಾತ್ರಿ ಉದ್ದ ಇರ್ತದೆ."

"ಅರ್ಧ ಅಂದ್ರೆ ಎರಡೂ ಸಮ ಇರ್ಬೇಕು ಅತ್ತೆ. ದೊಡ್ಡರ್ಧ, ಚಿಕ್ಕರ್ಧ ಅಂತ ಇರಲ್ಲ."

ಅತ್ತೆ ಅಡಕತ್ತರಿ ಕೆಳಗಿಟ್ಟು, ಏನೂ ತಿಳಿಯದ ಮಗುವನ್ನು ನೋಡುವಂತೆ ನನ್ನನ್ನು ನೋಡಿದರು.

"ನಿಮ್ಮ ಮಾವನೂವೆ ಅವರಣ್ಣನೂವೆ ಪಾಲಾದಾಗ ಊರಿನ ಹಿರೀಕರೆಲ್ಲ ಕೂತ್ಕಂಡು ಜಮೀನ ಅರ್ಧರ್ಧ ಮಾಡಿದ್ರು. ಅವರಣ್ಣನ ಅರ್ಧದಲ್ಲಿ ಬಾವಿ ಇತ್ತು. ನಮ್ಮ ಅರ್ಧದಲ್ಲಿ ಬಂಡೆ ಇತ್ತು. ಸಮ ಇರೋ ಅರ್ಧವ ನಾನಂತೂ ಈ ಜನ್ಮದಲ್ಲಿ ಕಂಡಿಲ್ಲ ಕಣವ್ವ. ನೀನು ಕಂಡಿದ್ರೆ ತಂದು ತೋರ್ಸು."

ತೋರಿಸೋಣ ಅಂತಲೇ ಮಾರನೇ ದಿನ ಮೆಡಿಕಲ್ ಶಾಪಿನಿಂದ ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿ ತಂದೆ. ಒಳಗೇ ಬ್ಲೇಡು ಇರುತ್ತದೆ, ಮುಚ್ಚಳ ಒತ್ತಿದರೆ ಸರಿಯಾಗಿ ಎರಡು ಭಾಗ. ಅತ್ತೆ ಅದನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದರು. "ಚೆನ್ನಾಗದೆ" ಅಂದರು. ಸಾಯಂಕಾಲದ ಹೊತ್ತಿಗೆ ಬ್ಲೇಡು ಕಿತ್ತು ಅದರಲ್ಲಿ ಸುಣ್ಣ ತುಂಬಿಟ್ಟುಕೊಂಡಿದ್ದರು.

ಡೀಸೆಲ್ ಮುಳ್ಳು

ಮಾತ್ರೆ ಶುರುವಾದ ಮೇಲೆ ಮಗಳು ಬೀಳುವುದು ನಿಂತಿತು, ನಿದ್ದೆ ಶುರುವಾಯಿತು. ಶಾಲೆಗೆ ಸೇರಿಸಿದೆವು. ಅಲ್ಲಿ ಪ್ರಾರ್ಥನೆಯ ಸಾಲಿನಲ್ಲೇ ತೂಕಡಿಸಿ ಮುಂದಿನ ಹುಡುಗಿಯ ಬೆನ್ನಿಗೆ ಒರಗುತ್ತಿದ್ದಳು. ನನಗೆ ಜ್ವರ ಬಂದಿದ್ದರಿಂದ ಆ ತಿಂಗಳು ನನ್ನ ಗಂಡನೇ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದರು. ವಾಪಸ್ ಬಂದವರು ಚೀಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು, ಮುಖ ಸಪ್ಪಗಿತ್ತು.

"ಬೆಳಿಗ್ಗೆ ಡೋಸು ಜಾಸ್ತಿ ಮಾಡ್ಬುಟ್ರು ಕಣೇ."

ನಿದ್ದೆ ಕಮ್ಮಿ ಮಾಡಿ ಅಂತ ಕೇಳಲು ಕಳಿಸಿದರೆ ಹೆಚ್ಚು ಮಾಡಿ ಕಳಿಸಿದ್ದಾರಾ? ಚೀಟಿ ಕಿತ್ತುಕೊಂಡು ನೋಡಿದೆ. ರಾತ್ರಿಯದು ಹಾಗೇ ಇತ್ತು, ಒಂದರ ಕೆಳಗೆ ಎರಡು. ಬೆಳಗಿನದು ಒಂದರ ಕೆಳಗೆ ನಾಲ್ಕು.

"ಇದು ಕಾಲು ಕಣ್ರೀ. ಕಮ್ಮಿ ಮಾಡವ್ರೆ."

"ಎಲ್ಲಿ ಕಮ್ಮಿ? ಮೊದಲು ಎರಡಿತ್ತು, ಈಗ ನಾಲ್ಕಾಗದೆ. ನಾನೇನು ಕುರುಡನಾ?"

"ಡಾಕ್ಟರು ಬಾಯಲ್ಲಿ ಏನಂದ್ರು?"

"ಏನೋ ಅಂದ್ರು. ನಾನು ಗಾಡಿ ನೋ ಪಾರ್ಕಿಂಗಲ್ಲಿ ನಿಲ್ಸಿದ್ದೆ. ಜೀವ ಎಲ್ಲ ಅಲ್ಲೇ ಇತ್ತು."

ಒಂದು ಚಪಾತಿಯನ್ನು ಇಬ್ಬರಿಗೆ ಹಂಚಿದರೆ ಎಷ್ಟು, ನಾಲ್ಕು ಜನಕ್ಕೆ ಹಂಚಿದರೆ ಎಷ್ಟು ಅಂತ ಕೇಳಿದೆ. ನಾಲ್ಕು ಜನ ಬಂದರೆ ಇನ್ನೊಂದಷ್ಟು ಚಪಾತಿ ಹಾಕಬೇಕು, ಅಷ್ಟೂ ಮರ್ಯಾದೆ ಬೇಡವಾ ಅಂತ ನನ್ನನ್ನೇ ಕೇಳಿದರು. ಆ ದಾರಿ ಬಿಟ್ಟೆ. ಅವರಿಗೆ ತಿಳಿದದ್ದು ಗಾಡಿ. ಗಾಡಿಗೇ ಹೋದೆ.

"ಆಟೋದಲ್ಲಿ ಡೀಸೆಲ್ ತೋರ್ಸೋ ಮುಳ್ಳು ಇದೆಯಲ್ಲ, ಅದು ಅರ್ಧಕ್ಕೆ ಬಂದ್ರೆ ಬಂಕಿಗೆ ಓಡ್ತೀರೋ, ಕಾಲಿಗೆ ಬಂದ್ರೆ ಓಡ್ತೀರೋ?"

"ಕಾಲಿಗೆ ಬಂದ್ರೆ. ಅರ್ಧ ಇದ್ರೆ ಅರಕಲಗೂಡಿಗೆ ಓಗಿ ಬರಬೋದು."

"ಹಂಗಾದ್ರೆ ಯಾವುದು ಕಮ್ಮಿ?"

"ಕಾಲು."

"ಅಬ್ಬಾ! ಅಷ್ಟೇ ಕಣ್ರೀ ನಾನು ಹೇಳಿದ್ದು."

ಅವರು ಚೀಟಿಯನ್ನು ಇನ್ನೊಂದು ಸಲ ನೋಡಿದರು. ತಲೆ ಅಲ್ಲಾಡಿಸಿದರು.

"ಅದು ಡೀಸೆಲ್ ಮಾತಾಯ್ತು. ಮಾತ್ರೇಲಿ ಎಂಗೋ, ನಿಂಗೇನು ಗೊತ್ತು?"

ಎರಡು ಅರ್ಧ ಸೇರಿದರೆ

ಮಗಳು ಬೀಳದೆ ಮೂರನೇ ಕ್ಲಾಸಿಗೆ ಬಂದಳು. ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಶಾಲೆಯಿಂದ ಫೋನ್ ಬಂದರೆ ನಾನು ಹಲೋ ಅನ್ನುವುದಿಲ್ಲ, "ಬಿದ್ಲಾ?" ಅಂತಲೇ ಶುರು ಮಾಡುವುದು. ಬಿದ್ದಿರಲಿಲ್ಲ. ಒಂದು ಸಲ ಬಂದು ಹೋಗಿ ಅಂದರು ಮಿಸ್ಸು, ಅಷ್ಟೇ. ಚಪ್ಪಲಿ ಹಾಕಿದ್ದೇನೋ ಇಲ್ಲವೋ ನೋಡಿಕೊಳ್ಳದೆ ಹೋದೆ.

ಮಿಸ್ಸು ಅವಳ ಪರೀಕ್ಷೆ ಪೇಪರು ಮುಂದಿಟ್ಟರು. "ನೋಡಿ, ವೃತ್ತ ಬರೆದು ಅರ್ಧ ಮಾಡು ಅಂದ್ರೆ ಏನು ಮಾಡಿದ್ದಾಳೆ."

ದುಂಡಗೆ ಚೆನ್ನಾಗಿಯೇ ಬರೆದಿದ್ದಳು. ಮಧ್ಯೆ ಗೆರೆ ನೆಟ್ಟಗಿರಲಿಲ್ಲ, ಗರಗಸದ ಹಲ್ಲಿನ ಹಾಗೆ ಹೋಗಿತ್ತು. ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು. ಕೆಳಗೆ ತುಂಬಾ ಚುಕ್ಕೆಗಳು.

"ಈ ಚುಕ್ಕೆ ಏನು ಅಂತ ಕೇಳಿದೆ. ಪುಡಿ ಮಿಸ್, ಅದನ್ನ ಬೆರಳಲ್ಲಿ ಒತ್ತಿ ನೆಕ್ಕಬೇಕು ಅಂತಾಳೆ. ಏನಮ್ಮ ಇದು? ಮನೇಲಿ ಯಾರು ಹೇಳಿಕೊಡ್ತಾರೆ?"

ಯಾರು ಅಂತ ಹೇಳಲಿ? ಅಡಕತ್ತರಿ ಅಂತ ಹೇಳಲಾ? ಮಾತ್ರೆಯ ವಿಷಯ ಶಾಲೆಗೆ ತಿಳಿಸಿದ್ದೆ, ಮುರಿಯುವ ವಿಷಯ ತಿಳಿಸಿರಲಿಲ್ಲ. ಈಗ ತಿಳಿಸಿದೆ. ಮಿಸ್ಸು ಒಳ್ಳೆಯವರು. ಮಗಳನ್ನು ಹತ್ತಿರ ಕರೆದು ಬೆನ್ನು ಸವರಿ, "ಆಯ್ತು ಪುಟ್ಟ. ಈಗ ಹೇಳು, ಅರ್ಧಕ್ಕೆ ಅರ್ಧ ಸೇರಿಸಿದ್ರೆ ಎಷ್ಟು?" ಅಂದರು.

ಮಗಳು ನನ್ನ ಮುಖ ನೋಡಿದಳು, ಮಿಸ್ಸಿನ ಮುಖ ನೋಡಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ.

"ಒಂದಕ್ಕಿಂತ ಚೂರು ಕಮ್ಮಿ, ಮಿಸ್."

ಎಲ್ಲರೂ ಸರಿ

ಇದನ್ನು ನಗುವ ಮಾತು ಅಂತ ಹೇಳಲು ನನಗೆ ಬಹಳ ಕಾಲ ಹಿಡಿಯಿತು.

ನನ್ನ ತವರು ಅರಕಲಗೂಡು. ರಾಮನಾಥಪುರದಲ್ಲಿ ನೆಂಟರ ಮದುವೆ ಇತ್ತು. ಮಗಳು ಬಸ್ಸಿನಲ್ಲಿ ಸುಸ್ತಾಗುತ್ತಾಳೆ ಅಂತ ಅವಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ನಾವು ಹೋದೆವು. ಮದುವೆಮನೆಯಲ್ಲಿ ವಾಲಗದ ಸದ್ದಿನ ಮಧ್ಯೆ ಅಮ್ಮನ ಫೋನ್ ಬಂತು.

"ಮಗೀನ ಮಾತ್ರೆ ಮುಗಿದೋಗದೆ ಕಣೆ. ಅಂಗಡೀಲಿ ತಂದೆ. ಎಷ್ಟು ಕೊಡ್ಲಿ?"

"ರಾತ್ರಿಗೆ ಅರ್ಧ ಅಮ್ಮ. ಯಾವಾಗ್ಲೂ ಕೊಡೋ ಹಂಗೇ."

"ಅಂಗಡಿಯವನೂ ಅರ್ಧ ಅಂತಲೇ ಅಂದ. ಸರಿ ಬುಡು."

ಅಂಗಡಿಯಲ್ಲಿ ನಮ್ಮ ಅಳತೆಯ ಮಾತ್ರೆ ಇರಲಿಲ್ಲ. ಅದೇ ಹೆಸರಿನ, ಅದರ ಎರಡರಷ್ಟು ಶಕ್ತಿಯ ಮಾತ್ರೆ ಇತ್ತು. ಅದನ್ನೇ ಕೊಟ್ಟು, "ಇದು ಡಬಲ್ಲು, ಅರ್ಧ ಮಾಡಿ ಕೊಡಿ" ಅಂದಿದ್ದಾನೆ. ನೀವು ಕೊಡುತ್ತಿರುವುದರಲ್ಲಿ ಅರ್ಧ ಅನ್ನುವುದು ಅವನ ಅರ್ಥ. ನಾವು ಯಾವಾಗಲೂ ಕೊಡುವುದೇ ಅರ್ಧ ಅಲ್ಲವಾ ಅನ್ನುವುದು ಅಮ್ಮನ ಅರ್ಥ. ಅಂಗಡಿಯವನ ಬಾಯಲ್ಲಿ ಅರ್ಧ, ನನ್ನ ಬಾಯಲ್ಲಿ ಅರ್ಧ. ಅಮ್ಮ ಸಮಾಧಾನವಾಗಿ, ಒಂದು ಚೂರೂ ಹಾಳಾಗದಂತೆ ಮುರಿದು, ರಾತ್ರಿ ಅರ್ಧ ಕೊಟ್ಟಳು. ಬೆಳಿಗ್ಗೆಯ ಕಾಲನ್ನೂ ಅದೇ ಮಾತ್ರೆಯಲ್ಲಿ ಕೊಟ್ಟಳು.

ನಾವು ಬರುವ ಹೊತ್ತಿಗೆ ಮಗಳನ್ನು ಎತ್ತಿ ನಿಲ್ಲಿಸಿದರೆ ಒದ್ದೆ ಬಟ್ಟೆಯ ಹಾಗೆ ಜಾರುತ್ತಿದ್ದಳು. ಹೆಸರು ಕೂಗಿದರೆ ಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ. ಕಾರು ಮಾಡಿಕೊಂಡು ಹಾಸನಕ್ಕೆ ಓಡಿದೆವು. ದಾರಿಯುದ್ದಕ್ಕೂ ಅಮ್ಮ ಅವಳ ಪಾದ ಉಜ್ಜುತ್ತಿದ್ದಳು, ನಾನು ಅವಳ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದೆ. ಅತ್ತೆಯೂ ನನ್ನ ಗಂಡನೂ ಬೇರೆ ಗಾಡಿಯಲ್ಲಿ ಬಂದು ಸೇರಿದರು.

ಡಾಕ್ಟರು ಒಬ್ಬೊಬ್ಬರನ್ನೇ ಕೇಳಿದರು.

"ಎಷ್ಟು ಕೊಟ್ರಿ?"

"ಅರ್ಧ ಸಾ" ಅಂದಳು ಅಮ್ಮ.

"ನೀವು ಎಷ್ಟು ಕೊಡೋಕೆ ಹೇಳಿದ್ರಿ?"

"ಅರ್ಧ" ಅಂದೆ ನಾನು.

"ಅಂಗಡಿಯವರು?"

"ಅವನೂ ಅರ್ಧ ಅಂದ ಸಾ."

ಡಾಕ್ಟರು ತಮ್ಮದೇ ಹಳೇ ಚೀಟಿ ತೆಗೆದು ನೋಡಿದರು. ಅದರಲ್ಲೂ ರಾತ್ರಿಗೆ ಅರ್ಧ. ಅಷ್ಟು ಜನ ಒಂದೇ ಮಾತು ಹೇಳಿದ್ದನ್ನು ಆ ಆಸ್ಪತ್ರೆ ನೋಡಿರಲಿಕ್ಕಿಲ್ಲ. ಎಲ್ಲರೂ ಸರಿ. ಮಗು ಮಾತ್ರ ಎಚ್ಚರವಿಲ್ಲದೆ ಮಲಗಿತ್ತು.

"ಯಾವುದರ ಅರ್ಧ ಅಂತ ಒಬ್ಬರಾದರೂ ಕೇಳಬಾರದಿತ್ತಾ?" ಅಂದರು ಡಾಕ್ಟರು.

ಅಮ್ಮ ಅಳುತ್ತಲೇ ಉತ್ತರ ಕೊಟ್ಟಳು. "ಮಾತ್ರೇದೇ ಸಾ. ನಾನ್ಯಾಕೆ ಬೇರೇದು ಕೊಡ್ಲಿ?"

ಡ್ರಿಪ್ ಹಾಕಿ ನೋಡಿಕೊಂಡರು. ಮಗಳು ಮಾರನೇ ದಿನ ನೆಟ್ಟಗೆ ಕಣ್ಣು ಬಿಟ್ಟಳು. ಅತ್ತೆ ಅವಳ ತಲೆ ಸವರಿ, ನನ್ನ ಅಮ್ಮನ ಕಡೆ ತಿರುಗಿ, "ಬೀಗ್ತಮ್ಮ, ದೊಡ್ಡರ್ಧ ಕೊಟ್ಬುಟ್ರಾ ಏನು?" ಅಂದರು. ಸದ್ಯ, ನರ್ಸಮ್ಮ ಮಧ್ಯೆ ನಿಂತಿದ್ದರು.

ನಾಲ್ಕರಲ್ಲಿ ಒಂದು

ಮಗಳು ಬೀಳದೆ ಇನ್ನೂ ಒಂದಷ್ಟು ಕಾಲ ಕಳೆಯಿತು. ಡಾಕ್ಟರು ಒಂದು ದಿನ ಅವಳ ಕೈಕಾಲು ತಟ್ಟಿ ನೋಡಿ, ತಲೆಗೆ ವೈರು ಹಚ್ಚುವ ಪರೀಕ್ಷೆಯನ್ನೂ ನೋಡಿ, "ಈಗ ನಿಲ್ಲಿಸಬಹುದು" ಅಂದರು. ನಾನು ಅಳುವುದರಲ್ಲಿದ್ದೆ. ಅಷ್ಟರಲ್ಲಿ ಇನ್ನೊಂದು ಮಾತು ಹೇಳಿದರು.

"ಒಂದೇ ಸಲ ಅಲ್ಲ. ಅರ್ಧದಿಂದ ಕಾಲು, ಕಾಲಿನಿಂದ ಅದರಲ್ಲಿ ಅರ್ಧ, ಹೀಗೆ ಇಳಿಸ್ತೀವಿ. ನಿಲ್ಲಿಸಿದ ಮೇಲೂ ಕೆಲವರಿಗೆ ಮತ್ತೆ ಬರುತ್ತೆ. ಇಷ್ಟೇ ಅಂತ ಹೇಳೋಕಾಗಲ್ಲ. ಮಾತಿಗೆ, ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಅಂತ ಇಟ್ಕೊಳ್ಳಿ. ಮನೇಲಿ ಯೋಚನೆ ಮಾಡಿ, ಮುಂದಿನ ತಿಂಗಳು ಬಂದು ಹೇಳಿ."

ಅತ್ತೆಗೆ ಮೊದಲನೇ ಮಾತೇ ಹಿಡಿಸಲಿಲ್ಲ. "ಅರ್ಧ ಮಾಡೋದು, ಅದ್ರಲ್ಲಿ ಅರ್ಧ ಮಾಡೋದು, ಅದ್ರಲ್ಲೂ ಅರ್ಧ ಮಾಡೋದು. ಇಂಗೇ ಮಾಡ್ತಾ ಇದ್ರೆ ಯಾವತ್ತಿಗೆ ಮುಗೀತದೆ? ಕೊನೇಲೊಂದು ಚೂರು ಉಳ್ಕತದೆ ಕಣವ್ವ, ನಾನು ಈಗ್ಲೇ ಯೋಳ್ತೀನಿ." ಈ ಮಾತಿಗೆ ನನ್ನ ಹತ್ತನೇ ಕ್ಲಾಸಿನಲ್ಲಿ ಉತ್ತರ ಇರಲಿಲ್ಲ.

ಎರಡನೇ ಮಾತನ್ನು ಮನೆಯವರೆಲ್ಲ ತಮ್ಮ ತಮ್ಮ ತಲೆಗೆ ತಕ್ಕಂತೆ ಅರಗಿಸಿಕೊಂಡರು. ಅತ್ತೆ ಬೆರಳು ಮಡಿಸಿ ಹೇಳಿದರು: "ನಂಗೆ ಒಟ್ಟು ಮೊಮ್ಮಕ್ಕಳು ನಾಲ್ಕು. ಒಂದಕ್ಕೆ ಬಂದಾಯ್ತು. ಇನ್ನೇನು ಭಯ?"

ನನ್ನ ಗಂಡ ಎರಡು ದಿನ ಯೋಚನೆ ಮಾಡಿ ಹೇಳಿದರು: "ನಾಲ್ಕರಲ್ಲಿ ಒಂದು ಅಂದ್ರೆ ಕಾಲು. ಬಂದ್ರೂ ಕಾಲು ಫಿಟ್ಸ್ ಬತ್ತದೆ ಕಣೇ, ಪೂರ್ತಿ ಬರಲ್ಲ. ತಡ್ಕಬೋದು." ಕಾಲು ಅಂದರೆ ಕಮ್ಮಿ ಅಂತ ಅವರಿಗೆ ಕೊನೆಗೂ ಅರ್ಥವಾದದ್ದು ಇಲ್ಲಿ.

ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಬೈದಳು. "ಕಾಲು ಭಾಗ ಬರತ್ತೆ ಅಂತ ಯಾಕೆ ಕೊರಗ್ತೀಯ? ಮುಕ್ಕಾಲು ಭಾಗ ಬರಲ್ಲ ಅಂತ ಅನ್ಕೋ."

"ಎರಡೂ ಒಂದೇ ಅಲ್ವೇನೆ ಅಕ್ಕ?"

"ಒಂದೇ ಆಗಿದ್ರೆ ಇದನ್ನ ಹೇಳಿದಾಗ ನಿಂಗೆ ಯಾಕೆ ಸಮಾಧಾನ ಆಯ್ತು?"

ಆಗಿತ್ತು, ನಿಜ. ಸಾಯಂಕಾಲದವರೆಗೆ ಇತ್ತು. ಆಮೇಲೆ ನನಗೆ ಕಾಲು, ಮುಕ್ಕಾಲು ಏನೂ ಕಾಣಲಿಲ್ಲ. ಕಣ್ಣು ಮುಚ್ಚಿದರೆ ನಾಲ್ಕು ಮಕ್ಕಳು ಸಾಲಾಗಿ ನಿಂತಿರುತ್ತಿದ್ದವು. ನಾಲ್ಕಕ್ಕೂ ನನ್ನ ಮಗಳದೇ ಮುಖ.

ಬೆಂಚು

ಕೊನೆಗೆ ನಿಲ್ಲಿಸುವುದೇ ಅಂತ ತೀರ್ಮಾನ ಮಾಡಿದೆವು. ಹೇಳಿಬರಲು ಅತ್ತೆ, ಮಗಳು, ನಾನು ಹಾಸನಕ್ಕೆ ಹೋದೆವು. ಅಲ್ಲಿ ಒಬ್ಬೊಬ್ಬರನ್ನೇ ಕರೆಯುವುದಿಲ್ಲ. ಅಟೆಂಡರು ನಾಲ್ಕು ಟೋಕನ್ ಕೂಗಿ, ನಾಲ್ಕು ಮಕ್ಕಳನ್ನು ಒಟ್ಟಿಗೆ ಒಳಗಿನ ಬೆಂಚಿಗೆ ಬಿಡುತ್ತಾನೆ.

ಹೊರಗೆ ಕಾಯುವಷ್ಟು ಹೊತ್ತೂ ಅತ್ತೆ ಸುಮ್ಮನೆ ಕೂರಲಿಲ್ಲ. ಪಕ್ಕದವರನ್ನು ಮಾತಾಡಿಸಿದರು. ನಮ್ಮ ಜೊತೆ ಹೋಗಬೇಕಾದವರು ಮೂರು ಜನ. ಹಿರೀಸಾವೆಯ ಹೆಂಗಸಿನ ಮಗನಿಗೆ ಮಾತ್ರೆ ನಿಲ್ಲಿಸಿ ಬಹಳ ದಿನವಾಗಿತ್ತು, ಏನೂ ಬಂದಿರಲಿಲ್ಲ. ಇನ್ನಿಬ್ಬರು ಹಾಸನದವರೇ. ಅವರ ಮಕ್ಕಳಿಗೂ ನಿಲ್ಲಿಸಿಯಾಗಿತ್ತು, ಇಬ್ಬರೂ ಚೆನ್ನಾಗಿದ್ದರು. ನನಗೆ ಜೀವ ಬಂದಂತಾಯಿತು. "ನೋಡಿದ್ರಾ ಅತ್ತೆ, ಮೂರೂ ಮಕ್ಕಳು ಎಷ್ಟು ಚೆನ್ನಾಗವ್ರೆ" ಅಂದೆ.

ಅತ್ತೆ ಬೆರಳು ಮಡಿಸಿ ಎಣಿಸುತ್ತಿದ್ದರು. ಎಲೆಅಡಿಕೆಯನ್ನೂ ಬಾಯಿಗೆ ಹಾಕಲಿಲ್ಲ. ಎದುರು ಬೆಂಚಿನಲ್ಲಿ ಸಾಲಗಾಮೆ ಕಡೆಯ ಒಬ್ಬಳು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅವಳ ಟೋಕನ್ ನಮ್ಮ ನಂತರದ ನಾಲ್ಕರಲ್ಲಿತ್ತು. ಹುಡುಗಿಯ ಹಣೆಗೆ ಪಟ್ಟಿ ಕಟ್ಟಿತ್ತು. ಅತ್ತೆ ಎದ್ದು ಹೋಗಿ ಅವಳನ್ನೂ ವಿಚಾರಿಸಿದರು. ಆ ಮಗುವಿಗೆ ಮಾತ್ರೆ ನಿಲ್ಲಿಸಿದ್ದರು, ಮತ್ತೆ ಬಂದಿತ್ತು. ನೀರಿನ ತೊಟ್ಟಿಯ ಅಂಚಿಗೆ ಬಿದ್ದು ಹಣೆ ಒಡೆದಿತ್ತು.

ಅಷ್ಟರಲ್ಲಿ ಅಟೆಂಡರು ನಮ್ಮ ಟೋಕನ್ ಕೂಗಿದ. ಆ ಮೂವರೂ ಎದ್ದರು, ನಾನೂ ಮಗಳ ಕೈ ಹಿಡಿದು ಎದ್ದೆ. ಅತ್ತೆ ಓಡಿ ಬಂದು ನನ್ನ ಸೆರಗು ಹಿಡಿದರು.

"ಬ್ಯಾಡ ಕಣವ್ವ, ಇವ್ರ ಜೊತೆ ಓಗಬ್ಯಾಡ."

"ಯಾಕತ್ತೆ?"

"ಈ ನಾಲ್ಕರಲ್ಲಿ ಮೂರು ಚೆನ್ನಾಗವೆ. ಉಳಿದದ್ದು ಯಾವುದವ್ವ?"

ನನ್ನ ಕಾಲು ಅಲ್ಲೇ ನಿಂತಿತು. ಅತ್ತೆ ದನಿ ತಗ್ಗಿಸಿದೆ ಅಂದುಕೊಂಡು, ಹಾಲ್‌ಗೆಲ್ಲ ಕೇಳುವಂತೆ ಹೇಳಿದರು. "ಅವ್ಳ ಜೊತೆ ಓಗಾಣ, ಆ ಸಾಲಗಾಮೆಯವಳ ಜೊತೆ. ಆ ನಾಲ್ಕರಲ್ಲಿ ಆಗ್ಲೇ ಒಂದಕ್ಕೆ ಬಂದಾಗದೆ."

ನಾಚಿಕೆಯಿಂದ ನನಗೆ ನೆಲಕ್ಕಿಳಿದು ಹೋಗುವಂತಾಯಿತು. ಎದುರು ಬೆಂಚಿನವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ, ಬೈಯಲಿ ಅಂತ ಕಾದೆ. ಅವಳು ತೊಡೆಯ ಮೇಲಿದ್ದ ಮಗಳನ್ನು ಸ್ವಲ್ಪ ಆಚೆ ಸರಿಸಿ, ಪಕ್ಕದ ಜಾಗವನ್ನು ಕೈಯಲ್ಲೇ ಒರೆಸಿದಳು.

"ಬನ್ನಿ ಅಮ್ಮ, ಕೂತ್ಕಳಿ. ನಮ್ಮ ಮಗೀಗೆ ಬಂದಿದ್ದು ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ."

ಯಾರ ಪಕ್ಕ ಕೂತರೂ, ಯಾರ ಜೊತೆ ಒಳಗೆ ಹೋದರೂ ಕಾಯಿಲೆಗೆ ಟೋಕನ್ ನಂಬರು ಗೊತ್ತಾಗುವುದಿಲ್ಲ. ಅಷ್ಟು ನನಗೂ ತಿಳಿಯುತ್ತದೆ. ಅತ್ತೆಗೆ, ಗಂಡನಿಗೆ, ಅಮ್ಮನಿಗೆ ಇಷ್ಟು ವರ್ಷ ಬಾಯಿ ನೋಯುವಷ್ಟು ಲೆಕ್ಕ ಹೇಳಿಕೊಟ್ಟವಳು ನಾನೇ.

ಅಟೆಂಡರು ಬಾಗಿಲು ಹಿಡಿದುಕೊಂಡು ನಿಂತಿದ್ದ. "ಏನಮ್ಮ, ಒಳಗೆ ಬರ್ತೀರೋ ಇಲ್ವೋ? ಇನ್ನೊಬ್ಬರನ್ನ ಬಿಡ್ಲಾ?"

"ಬಿಡಿ ಸಾರ್, ನಾವು ಮುಂದಿನ ನಾಲ್ಕರಲ್ಲಿ ಬರ್ತೀವಿ."

ಹಾಗಂದವರು ಅತ್ತೆಯಲ್ಲ. ನಾನು.